ಚೌರಂಗದ ಆಚೆ ಬದಿ

ಮುಂಬಯಿಯ ಪತ್ರ ಬಂದದ್ದು ಬುಧವಾರ. ಭಾನುವಾರ ಬೆಳಿಗ್ಗೆ ಪರೀಕ್ಷಕರು ಬರುತ್ತಾರೆ, ಎಲ್ಲ ಹುಡುಗರೂ ಹಾಜರಿರಬೇಕು, ತಾಲ್ಮುದ ಕಲಿಯಲು ತಕ್ಕವರಲ್ಲದವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು, ಅಂಥವರಿಗೆ ಪ್ರಾರ್ಥನೆ ಕಲಿಸಿದರೆ ಸಾಕು ಎಂದು ಅದರಲ್ಲಿ ಬರೆದಿತ್ತು. ರೈಲ್ವೆ ಸ್ಟೋರ್ಸ್ ಆಫೀಸಿನ ನನ್ನ ಮೇಜಿನ ಖಾನೆಯೊಳಗೆ ಅದನ್ನಿಟ್ಟು ಮಧ್ಯಾಹ್ನದೊಳಗೆ ನಾಲ್ಕು ಸಲ ತೆಗೆದು ಓದಿದೆ. ನನ್ನ ಹತ್ತಿರ ಕಲಿಯುತ್ತಿದ್ದವರು ಏಳು ಹುಡುಗರು. ನಾಲ್ಕು ಸಲವೂ ಕಣ್ಣ ಮುಂದೆ ಬಂದದ್ದು ಒಬ್ಬನದೇ ಮುಖ. ಹಸ್ಸಾಜಿಯದು.

ಅದು ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆಂದು ಕೊಂಕಣದಿಂದ ಬಂದು ನಿಂತ ಬೆನೆ ಇಸ್ರಾಯೇಲಿ ಮನೆಗಳು ಊರಿನಲ್ಲಿ ಹನ್ನೊಂದು ಇದ್ದವು. ನಾವು ಯಹೂದಿಗಳು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶನಿವಾರ ಒಲೆ ಹಚ್ಚದ ಮಂದಿ ಎಂದರೆ ತಿಳಿಯುತ್ತಿತ್ತು. ಹಳೇ ಹುಬ್ಬಳ್ಳಿಯಲ್ಲಿ ದಸ್ತಗೀರಸಾಬನ ಮನೆಯ ಮಾಳಿಗೆಯ ಮೇಲಿನ ಕೋಣೆ ನಮ್ಮ ಪ್ರಾರ್ಥನೆಯ ಜಾಗ. ಸಂಜೆಯ ಹೊತ್ತು ಅದೇ ಸಾಲೆ. ಕೋಣೆಯ ಬಾಡಿಗೆ ಕೊಡುತ್ತಿದ್ದುದು ಆ ಪತ್ರ ಬರೆದ ಮುಂಬಯಿಯ ನಮ್ಮ ಸಮಾಜದ ಸಂಘ, ಹೀಗಾಗಿ ಕೊನೆಯ ಮಾತೂ ಸಂಘದ್ದೇ.

ಧಾರವಾಡದಲ್ಲಿ ಬಿ.ಎ. ಮುಗಿಸಿದ ಮೇಲೆ ನಾನು ಎರಡು ವರ್ಷ ಮುಂಬಯಿಯಲ್ಲಿ ಒಬ್ಬ ಮುದುಕ ಗುರುಗಳ ಬಳಿ ತಾಲ್ಮುದ ಓದಿದ್ದೆ. ಅದು ನಮ್ಮ ಧರ್ಮಶಾಸ್ತ್ರದ ದೊಡ್ಡ ಗ್ರಂಥ. ಆದರೆ ಆಜ್ಞೆಗಳ ಪಟ್ಟಿಯಲ್ಲ. ನೂರಾರು ವರ್ಷಗಳ ಪಂಡಿತರು ಒಬ್ಬರ ಮಾತನ್ನೊಬ್ಬರು ಒಪ್ಪದೆ ಆಡಿದ ವಾದ. ಪುಟದ ನಡುವೆ ಮೂಲ, ಸುತ್ತ ವ್ಯಾಖ್ಯಾನ, ಎಲ್ಲ ಹೀಬ್ರೂ ಅಕ್ಷರಗಳಲ್ಲಿ. ಮನೆಯಲ್ಲಿ ಮರಾಠಿ ಆಡುವ ಈ ಹುಡುಗರಿಗೆ ನಾನು ಕನ್ನಡದಲ್ಲಿ ಹೇಳಿಕೊಡುತ್ತಿದ್ದೆ, ಯಾಕೆಂದರೆ ಅವರು ಓಣಿಯಲ್ಲಿ ಜಗಳ ಆಡುತ್ತಿದ್ದುದು ಕನ್ನಡದಲ್ಲಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬ ಹೇಳಬೇಕು, ಇನ್ನೊಬ್ಬ ಅಡ್ಡ ಕೇಳಬೇಕು ಎಂದು ಕೂರಿಸಿದರೆ ಗದ್ದಲ ಕೆಳಗಿನ ಅಂಗಳದವರೆಗೆ ಇಳಿಯುತ್ತಿತ್ತು. ದಸ್ತಗೀರಸಾಬನ ಹೆಂಡತಿ ಬಿಬಿಜಾನ ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದಳು.

"ಮಾಸ್ತರ, ನಮ್ಮ ಹುಡುಗ್ರು ಮದರಸಾಕ್ಕ ಹೋಗಿ ಸುಮ್ಮನಿರೋದು ಕಲತು ಬರ್ತಾವ. ನೀವು ಜಗಳಾ ಕಲಿಸಾಕ ಪಗಾರ ತಗೋತೀರೇನ್ರಿ?"

"ಪಗಾರಿಲ್ಲ ಬಿಬಿಜಾನಬೂ."

"ಹಂಗಾರ ಛಲೋ. ಪುಕ್ಕಟೆ ಜಗಳಾ."

ಏಳು ಜನರಿಗೂ ಇದ್ದ ಪುಸ್ತಕ ಒಂದೇ, ಗುರುಗಳು ನನಗೆ ಕೊಟ್ಟದ್ದು. ಅದನ್ನು ಚೌರಂಗವೆಂಬ ಗಿಡ್ಡ ಕಾಲಿನ ಮಣೆಯ ಮೇಲೆ ತೆರೆದಿಟ್ಟು ಸುತ್ತ ಕುಳಿತುಕೊಳ್ಳುತ್ತಿದ್ದೆವು. ನನ್ನ ಮಗ್ಗುಲಲ್ಲಿ ಅಕೂಬ ಮತ್ತು ಇನ್ನಿಬ್ಬರು ಚುರುಕಿನ ಹುಡುಗರು. ಎಡಕ್ಕೆ ಎಲೋಜಿ ಮತ್ತು ಎಲೋಜಿಯ ತಮ್ಮ. ಬಲಕ್ಕೆ ಒಬ್ಬ. ಹಸ್ಸಾಜಿ ಎಲ್ಲರಿಗಿಂತ ತಡವಾಗಿ ಸೇರಿದವನು, ಉಳಿದ ಜಾಗ ಚೌರಂಗದ ಆಚೆ ಬದಿಯಲ್ಲಿ ನನ್ನ ಎದುರಿಗೆ. ಅಲ್ಲೇ ಕುಳಿತ. ಎರಡು ವರ್ಷ ಅಲ್ಲೇ ಕುಳಿತಿದ್ದ.

ಏನಾದರೂ ಕೇಳಿದರೆ ಅವನು ಸುಮ್ಮನೆ ನೋಡುತ್ತಿದ್ದ. ಉತ್ತರ ಬಂದರೆ ಬಹಳ ಹೊತ್ತಿನ ಮೇಲೆ, ಕೆಲವು ಸಲ ಮರುದಿನ ಮೆಟ್ಟಿಲು ಹತ್ತುವಾಗ ಬರುತ್ತಿತ್ತು, ಆಗ ಪ್ರಶ್ನೆ ನನಗೇ ಮರೆತಿರುತ್ತಿತ್ತು. ಆ ಮೌನದ ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಏನೂ ಇಲ್ಲದೆ ಇದ್ದರೆ ಎಂಬ ಅಂಜಿಕೆಯಿಂದ ನಾನು ಅವನೊಬ್ಬನಿಗೇ ಓದಲು ಹೇಳುವುದನ್ನು ಕ್ರಮೇಣ ಬಿಟ್ಟಿದ್ದೆ. ಎಲ್ಲರ ದನಿಯ ಜೊತೆ ಅವನ ತುಟಿಗಳೂ ಆಡುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು.

ಗುರುವಾರ ಸಂಜೆ ಅವನ ತಂದೆ ಇಸಾಜಿ ರೈಲ್ವೆ ಚಾಳಿನ ಸಾಲುಮನೆಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡರು. ಅವರು ಬಾಯ್ಲರ್ ಶಾಪಿನಲ್ಲಿ ಫಿಟ್ಟರ್. ಇಪ್ಪತ್ತು ವರ್ಷ ರಿವೆಟ್ಟಿನ ಸದ್ದಿನಲ್ಲಿ ಕಳೆದು ಕಿವಿ ಮುಕ್ಕಾಲು ಹೋಗಿತ್ತು.

"ಜೋರಾಗೇ ಮಾತಾಡ್ತೇನಿ ಮಾಸ್ತರ, ಸಿಟ್ಟಂತ ತಿಳೀಬ್ಯಾಡ್ರಿ. ಹುಡುಗಗ ಹನ್ನೆರಡು ತುಂಬಿದ್ವು. ಕನ್ನಡ ಸಾಲ್ಯಾಗ ದಡ್ಡ ಅಂತ ಕಳಿಸಿಬಿಟ್ರು. ಮುಂಬೈದವರು ಬಂದು ಇವನ ತಲ್ಯಾಗ ಏನರೆ ಐತಿ ಅಂದ್ರ ಓದ್ಲಿ. ಇಲ್ಲಂದ್ರ ಸೋಮವಾರ ನನ್ನ ಸಂಗಟ ಶಾಪಿಗೆ. ಫೋರಮನ್ನಗ ಹೇಳಿಟ್ಟೇನಿ."

ಒಳಗಿನಿಂದ ಅವರ ಹೆಂಡತಿ ರಾಹೇಲಬಾಯಿಯ ದನಿ ಬಂತು. "ಒಂದ ಮನ್ಯಾಗ ಇಬ್ಬರು ಕಿವುಡರನ್ನ ಕಟ್ಟಿಕೊಂಡು ನಾ ಹೆಂಗ ಬಾಳೇವು ಮಾಡ್ಲಿ, ಅದನ್ನೂ ಫೋರಮನ್ನಗ ಕೇಳಿ ಬರ್ರಿ!"

"ಏನಂದ್ಲು?" ಇಸಾಜಿ ನನ್ನನ್ನು ಕೇಳಿದರು.

"ಏನಿಲ್ರಿ ಕಾಕಾ."

ಹಸ್ಸಾಜಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕುಳಿತಿದ್ದ. ಎಲ್ಲವನ್ನೂ ಕೇಳುತ್ತಿದ್ದ. ಅವನ ಕಿವಿ ಬಹಳ ಚುರುಕು.

ಭಾನುವಾರ ಬಂದ ಪರೀಕ್ಷಕರು ಸಮಾಜಿ ನಾಗಾಂವಕರ ಎಂಬವರು. ಬೆಳಗಾವಿಯಲ್ಲಿ ಬೆಳೆದವರಾದ್ದರಿಂದ ನಮ್ಮ ಕನ್ನಡ ಚೆನ್ನಾಗಿ ಆಡುತ್ತಿದ್ದರು. ಮೊಣಕಾಲಿನ ನೋವಿನಿಂದ ಕೆಳಗೆ ಕೂರಲು ಆಗುವುದಿಲ್ಲ ಎಂದು ಮೊದಲೇ ಹೇಳಿದರು. ದಸ್ತಗೀರಸಾಬ ತನ್ನ ಅಂಗಡಿಯ ಮೇಜು, ಕುರ್ಚಿ ಹೊರಿಸಿ ತಂದ. ಪರೀಕ್ಷಕರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬ ಹುಡುಗನನ್ನೇ ಎದುರಿಗೆ ಕರೆದು, ಪುಟವನ್ನು ಅವನ ಕಡೆಗೆ ತಿರುಗಿಸಿ, ಬೆರಳಿಟ್ಟ ಸಾಲಿನಿಂದ ಓದಲು ಹೇಳುತ್ತಿದ್ದರು. ತಡವಾದರೆ ಪೆನ್ಸಿಲಿನಿಂದ ಮೇಜನ್ನು ಮೂರು ಸಲ ಕುಟ್ಟುವರು. ಮೂರನೆಯದು ಮುಗಿದರೆ ಮುಂದಿನವನು.

ಅಕೂಬ ನೀರು ಹರಿದ ಹಾಗೆ ಓದಿದ. ಅವನ ಜೊತೆಯ ಇಬ್ಬರೂ ಪಾರಾದರು. ಎಲೋಜಿಯ ಸರದಿ ಬಂದಾಗ ಅವನು ತಲೆಯನ್ನು ಭುಜದ ಕಡೆಗೆ ಓರೆ ಮಾಡಿ ಓದತೊಡಗಿದ.

"ಇವನ ಕುತ್ತಿಗಿಗೆ ಏನಾಗೇತಿ?" ಎಂದರು ನಾಗಾಂವಕರರು. "ರಾತ್ರಿ ಹಾಸಿಗಿಂದ ಬಿದ್ದಿಯೇನಲೇ?"

ಹುಡುಗರು ನಕ್ಕರು. "ನೆಟ್ಟಗ ನಿಂದ್ರು ಎಲೋಜಿ," ಎಂದು ನಾನು ಗದರಿದೆ. ನೆಟ್ಟಗೆ ನಿಂತವನು ಎರಡು ಕಡೆ ಎಡವಿದ. ಆದರೂ ಮೂರನೆಯ ಪೆಟ್ಟಿನೊಳಗೆ ದಾಟಿಕೊಂಡ. ಅವನ ತಮ್ಮನೂ, ಬಲಗಡೆಯ ಹುಡುಗನೂ ಹಾಗೇ ಏಗುತ್ತ ದಾಟಿದರು. ಅದು ಅಂಜಿಕೆ ಎಂದುಕೊಂಡೆ. ನನಗೇ ಅಂಜಿಕೆಯಿದ್ದುದರಿಂದ ಎಲ್ಲವೂ ಅಂಜಿಕೆಯಂತೆಯೇ ಕಾಣುತ್ತಿತ್ತು.

ಹಸ್ಸಾಜಿ ಬಂದು ನಿಂತ. ಪುಟವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಪುಟದ ಮೇಲೆ ಕೈ ಚಾಚಿ ಏನೋ ಮಾಡಲು ಹೋಗಿ ಹಿಂದೆ ತೆಗೆದ. ಪೆನ್ಸಿಲು ಒಂದು ಸಲ ಕುಟ್ಟಿತು. ಕೆಳಗೆ ಬಿಬಿಜಾನ ಕೊಡ ತೊಳೆಯುವ ಸದ್ದು ಕೇಳುತ್ತಿತ್ತು. ಎರಡನೆಯ ಸಲ ಕುಟ್ಟಿತು. ಅವನ ತುಟಿ ಅಲುಗಿತು, ಅಥವಾ ಅಲುಗಿದಂತೆ ನನಗೆ ಕಂಡಿತು. ನನ್ನಿಂದ ತಡೆಯಲಾಗಲಿಲ್ಲ. ಸಾಲಿನ ಮೊದಲ ಶಬ್ದವನ್ನು ನಾನೇ ಹೇಳಿಬಿಟ್ಟೆ.

ಹಸ್ಸಾಜಿ ಅದನ್ನಷ್ಟೇ ಹೇಳಿ ನಿಲ್ಲಿಸಿದ. ಎರಡನೆಯದನ್ನೂ ನಾನೇ ಹೇಳಿದೆ. ಅದನ್ನೂ ಹೇಳಿದ.

"ಮಾಸ್ತರ," ನಾಗಾಂವಕರರು ಪೆನ್ಸಿಲನ್ನು ಕೆಳಗಿಟ್ಟರು, "ನೀವ ಓದಾಕತ್ರ ಪಾಸ್ ಆಗೋರು ನೀವು. ಹುಡುಗ ಅಲ್ಲ."

ಏಳು ಹೆಸರಿನ ಪಟ್ಟಿಯಲ್ಲಿ ಕೊನೆಯ ಹೆಸರಿನ ಮುಂದೆ ಗುಣಾಕಾರದ ಚಿಹ್ನೆ ಬಿತ್ತು. ಕೆಳಗೆ ನಾನು ಸಹಿ ಮಾಡಬೇಕಿತ್ತು. ಸಂಜೆ ಐದೂ ಇಪ್ಪತ್ತರ ಗಾಡಿಗೆ ಅವರು ಹೊರಡುವವರಿದ್ದರು. ಸ್ಟೇಶನ್ನಿಗೆ ಬಂದು ಸಹಿ ಮಾಡುತ್ತೇನೆ ಎಂದೆ. ಅವರು ನನ್ನ ಮುಖ ನೋಡಿ, "ಆತು," ಎಂದರು. ಕೆಟ್ಟ ಮನುಷ್ಯರಲ್ಲ. "ಎಲ್ಲಾರಿಗೂ ಎಲ್ಲಾ ಬರಂಗಿಲ್ಲ ಮಾಸ್ತರ. ಆ ಹುಡುಗಗ ಪ್ರಾರ್ಥನಾ ಬರ್ತೈತಲ್ಲ, ಸಾಕು."

ಮಧ್ಯಾಹ್ನ ಇಸಾಜಿಯ ಮನೆಗೆ ಹೋಗಿ ಹೇಳಬೇಕಿತ್ತು. ಚಾಳಿನ ಮೊದಲ ಮನೆಯವರೆಗೆ ಹೋಗಿ ತಿರುಗಿ ಬಂದೆ. ಎರಡು ವರ್ಷ ಕಲಿಸಿದವನು ನಾನು. ಅವನಿಗೆ ಬಾರದಿದ್ದರೆ ನನಗೆ ಅದು ಗೊತ್ತಿರಬೇಕಿತ್ತು. ಬಂದಿದ್ದರೂ ಗೊತ್ತಿರಬೇಕಿತ್ತು. ಎರಡೂ ಗೊತ್ತಿಲ್ಲದೆ ಆ ಹಾಳೆಗೆ ಸಹಿ ಮಾಡಲು ಹೊರಟಿದ್ದೆ. ಪುಸ್ತಕವನ್ನಾದರೂ ಬಟ್ಟೆಯಲ್ಲಿ ಸುತ್ತಿ ಇಡೋಣವೆಂದು ಹಳೇ ಹುಬ್ಬಳ್ಳಿಯ ಕೋಣೆಯ ಕಡೆ ನಡೆದೆ.

ಬಿಬಿಜಾನ ಮೆಟ್ಟಿಲ ಬುಡದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು.

"ಇವತ್ತ ಒಬ್ಬಾವನ ಜಗಳಾ ಆಡಾಕತ್ತಾನ್ರಿ," ಎಂದಳು. "ಎದುರಿನವ ಇಲ್ಲ."

"ಯಾರು?"

"ಆ ಮೂಕ ಹುಡುಗ."

ಮೆಟ್ಟಿಲ ನಡುವೆ ನಿಂತೆ. ಮೇಲಿನಿಂದ ಓದು ಕೇಳುತ್ತಿತ್ತು. ಪ್ರಶ್ನೆಗೆ ದನಿ ಏರಿ, ಉತ್ತರಕ್ಕೆ ಇಳಿಯುವ ನಮ್ಮ ಓದಿನ ಧಾಟಿ. ನಿಧಾನವಾಗಿತ್ತು, ಆದರೆ ಎಲ್ಲಿಯೂ ಎಡವುತ್ತಿರಲಿಲ್ಲ. ಬೆಳಿಗ್ಗೆ ಪರೀಕ್ಷಕರು ಬೆರಳಿಟ್ಟಿದ್ದ ಅದೇ ಸಾಲು. ಬಾಯಿಪಾಠವಿರಬಹುದು ಎಂದು ಅನುಮಾನ ಬಂತು. ಅಷ್ಟರಲ್ಲಿ ಅವನು ನಾವು ಇನ್ನೂ ಮುಟ್ಟಿರದ ಮುಂದಿನ ಸಾಲಿಗೆ ಹೋದ. ಅಕ್ಷರ ಅಕ್ಷರ ಜೋಡಿಸಿ ಅದನ್ನೂ ದಾಟಿದ.

ಮೇಲೆ ಹೋದೆ. ಪುಸ್ತಕ ಮತ್ತೆ ಚೌರಂಗದ ಮೇಲೆ ಬಂದಿತ್ತು. ನನ್ನ ಜಾಗ ಖಾಲಿ. ಅಕೂಬನ ಜಾಗವೂ ಖಾಲಿ. ಇಡೀ ಕೋಣೆಯಲ್ಲಿ ಎಲ್ಲಿ ಬೇಕಾದರೂ ಕೂರಬಹುದಾಗಿದ್ದ ಹುಡುಗ ಚೌರಂಗದ ಆಚೆ ಬದಿಯಲ್ಲಿ, ತನ್ನ ಎಂದಿನ ಜಾಗದಲ್ಲಿ ಕುಳಿತಿದ್ದ. ಪುಟ ನನ್ನ ಖಾಲಿ ಜಾಗಕ್ಕೆ ನೆಟ್ಟಗಿತ್ತು, ಅವನಿಗೆ ತಲೆಕೆಳಗಾಗಿತ್ತು.

ನಾನು ಮಾತಾಡದೆ ಬಗ್ಗಿ ಪುಸ್ತಕವನ್ನು ಅವನ ಕಡೆ ತಿರುಗಿಸಿದೆ. ಓದು ನಿಂತಿತು. ಬೆಳಿಗ್ಗೆ ನೋಡಿದ ಹಾಗೆಯೇ ನನ್ನನ್ನು ನೋಡಿದ. ಮತ್ತೆ ಮೊದಲಿನಂತೆ ತಿರುಗಿಸಿದೆ. ಬಿಟ್ಟಲ್ಲಿಂದ ಓದತೊಡಗಿದ.

ಆ ಅಕ್ಷರಗಳನ್ನು ಅವನು ಮೊದಲು ಕಂಡದ್ದೇ ಆ ಬದಿಯಿಂದ. ಪ್ರಾರ್ಥನೆಗಳನ್ನು ಕಿವಿಯಿಂದ ಕಲಿತಿದ್ದ, ಬೇರೆ ಪುಸ್ತಕವೇ ಅವನ ಕೈಗೆ ಬಂದಿರಲಿಲ್ಲ. ಎಡಕ್ಕೆ ಕುಳಿತು ಪುಟವನ್ನು ಅಡ್ಡಲಾಗಿ ನೋಡಿ ಕಲಿತ ಎಲೋಜಿಯ ಓರೆ ಕುತ್ತಿಗೆಯ ಅರ್ಥವೂ ನನಗೆ ಆಗಲೇ ಆದದ್ದು.

"ಮುಂಜಾನೆ ಯಾಕ ಹೇಳಲಿಲ್ಲೋ?"

ಬಹಳ ಹೊತ್ತು ಕಳೆಯಿತು. ಈ ಸಲ ಕಾಯ್ದೆ.

"ಎಲ್ಲಾರೂ ಹಂಗ ಇಟಗೊಂಡು ಓದಿದ್ರು," ಎಂದ. "ನಂದ ತಪ್ಪಿರಬೇಕು ಅನಿಸ್ತು. ತಿರಗಸಬೇಕಂತ ಮಾಡಿದ್ದೆ. ನಿಮ್ಮ ಮುಖಾ ನೋಡಿ ಅಂಜಿಕಿ ಬಂತು. ಆಮ್ಯಾಲ ನೀವ ಹೇಳಾಕತ್ರಿ."

ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು.

ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, ಹುಡುಗನ ಕೈ ಹಿಡಿದು ಟಾಂಗಾ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತಿತ್ತು. ಅವರು ನಗಬಹುದು. ತಲೆಕೆಳಗಾಗಿ ಓದುವುದು ಓದೇ ಅಲ್ಲ ಎನ್ನಬಹುದು. ಇಂಥದನ್ನು ಎರಡು ವರ್ಷ ಕಾಣದ ಮಾಸ್ತರನ ಸಾಲೆಯನ್ನೇ ಮುಚ್ಚಿ ಎನ್ನಬಹುದು, ಅದು ತಪ್ಪೂ ಆಗುವುದಿಲ್ಲ. "ಲಗೂ ಹೊಡಿಯೋ," ಎಂದು ಟಾಂಗಾದವನಿಗೆ ಎಷ್ಟು ಸಲ ಹೇಳಿದೆನೋ.

"ಕುದರಿಗೆ ಹೇಳ್ರಿ ಸಾಹೇಬರ," ಎಂದ ಅವನು, "ನನಗ ಕೇಳಿಸೇತಿ."

ಗಾಡಿ ಬಂದು ನಿಂತಿತ್ತು, ಎಂಜಿನ್ ಬದಲಿಸುತ್ತಿದ್ದರು. ನಾಗಾಂವಕರರು ತಾವು ಹತ್ತಬೇಕಿದ್ದ ಡಬ್ಬಿಯ ಮುಂದೆ ಟ್ರಂಕಿನ ಪಕ್ಕ ನಿಂತು ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು ಜೇಬಿನಿಂದ ಪಟ್ಟಿ ತೆಗೆದರು. ನಾನು ಸಹಿ ಮಾಡುವ ಬದಲು ಟ್ರಂಕಿನ ಮೇಲೆ ಪುಸ್ತಕ ಬಿಚ್ಚಿದೆ.

"ಸಾಹೇಬರ, ಇನ್ನೊಂದು ಸಲ ಕೇಳ್ರಿ. ಪುಸ್ತಕ ನಿಮ್ಮ ಕಡೆ ಇರ್ಲಿ. ಹುಡುಗ ಆ ಕಡೆ ನಿಂದರ್ತಾನ."

"ಏನ್ ಚ್ಯಾಷ್ಟಿ ಇದು?"

"ಕೂಡಸಿದ್ದು ನಾ, ತಪ್ಪೂ ನಂದು. ಒಂದ ಪುಸ್ತಕ, ಏಳು ಹುಡುಗರು. ಇಂವ ಎರಡು ವರ್ಷ ಆ ಬದಿಂದನ ಕಲತಾನ."

ಅವರು ಕಪ್ಪು ಕೆಳಗಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. ಹಸ್ಸಾಜಿ ಓದಿದ. ಪುಟ ಮಗುಚಿ ಬೇರೆ ಕಡೆ ಬೆರಳಿಟ್ಟರು. ಅದನ್ನೂ ಓದಿದ. ಹಮಾಲನೊಬ್ಬ ನಿಂತು ನೋಡಿ, ಇದೇನೋ ಮಂತ್ರವೆಂದು ಕೈ ಮುಗಿದು ಹೋದ. ನಾಗಾಂವಕರರ ಮುಖದಲ್ಲಿ ನಗು ಬಂದು, ಹಾಗೇ ಮಾಯವಾಯಿತು.

"ಓದಿದಿ. ಅರ್ಥ ಹೇಳು. ಚೆಲ್ಲಿದ ಕಾಳು ಒಬ್ಬಗ ಸಿಕ್ತು. ಅದು ಯಾರದು?"

ಕಳೆದ ತಿಂಗಳು ಇದನ್ನು ಕಲಿಸಲು ಹುಡುಗರನ್ನು ಹತ್ತಿಯ ಪೇಟೆಗೆ ಕರೆದುಕೊಂಡು ಹೋಗಿದ್ದೆ. ಗಾಡಿಯಿಂದ ಉದುರಿದ ಹತ್ತಿಯನ್ನು ಹೆಂಗಸರು ಆರಿಸಿಕೊಳ್ಳುವುದನ್ನು ತೋರಿಸಿ, ಕಳೆದುಕೊಂಡವನು ಅದರ ಆಸೆ ಬಿಟ್ಟಿದ್ದರೆ ಸಿಕ್ಕವನದು, ಬಿಡದಿದ್ದರೆ ಸಾರಿ ಹೇಳಿ ಹಿಂದೆ ಕೊಡಬೇಕು ಎಂದಿದ್ದೆ. ಹಸ್ಸಾಜಿ ಈಗ ಟ್ರಂಕಿನ ಆಚೆ ಸುಮ್ಮನೆ ನಿಂತಿದ್ದ. ಗಾರ್ಡು ಶೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ. ಹುಡುಗ ನನ್ನ ಮುಖ ನೋಡಿದ. ಅದರಲ್ಲಿ ಏನು ಕಾಣುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ತಿರುಗಿ, ಹತ್ತು ಹೆಜ್ಜೆ ಆಚೆ ನೀರಿನ ನಳದ ಬಳಿ ಹೋಗಿ ಬೆನ್ನು ಮಾಡಿ ನಿಂತೆ.

ಮೊದಲ ಗಂಟೆ ಬಾರಿಸಿದರು. ಪೆನ್ಸಿಲು ಟ್ರಂಕಿನ ತಗಡಿಗೆ ಒಂದು ಸಲ ತಾಗಿತು. ಎರಡನೆಯ ಸದ್ದಿಗೆ ಕಾಯ್ದೆ. ಅದು ಬರಲಿಲ್ಲ.

"ಹತ್ತಿ ಬಿದ್ದಿದ್ದು ಗಾಡಿಯವಗ ಗೊತ್ತಿತ್ತೇನ್ರಿ?" ಹಸ್ಸಾಜಿಯ ದನಿ.

"ಗೊತ್ತಿಲ್ಲ ಅಂತ ಇಟಗೋ."

ಎಂಜಿನ್ ಜೋಡಿಸಿದ ಧಕ್ಕೆ ಡಬ್ಬಿಯಿಂದ ಡಬ್ಬಿಗೆ ದಾಟಿ ಬಂತು.

"ಗೊತ್ತ ಇಲ್ಲದವ ಆಸೆ ಹೆಂಗ ಬಿಟ್ಟಾನ್ರಿ?"

"ಗೊತ್ತಾದ್ರ ಬಿಡತಾನಲ್ಲ?"

"ಇನ್ನೂ ಬಿಟ್ಟಿಲ್ಲಲ್ರಿ."

ಅದು ಪುಸ್ತಕದ ಮುಂದಿನ ಪುಟದ ವಾದ. ನಾವು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ನಾಗಾಂವಕರರಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಹುಡುಗನಿಗೆ ಗೊತ್ತಿರಲಿಲ್ಲ. ಒಂದು ತಿಂಗಳು ಅದೇ ಉದುರಿದ ಹತ್ತಿಯ ಬಗ್ಗೆ ಯೋಚಿಸಿ ಅವನು ಅಷ್ಟು ದೂರ ಬಂದಿದ್ದ. ಉಳಿದ ಆರೂ ಹುಡುಗರು ಆ ಪಾಠವನ್ನು ಒಂದು ವಾರದಲ್ಲಿ ಮುಗಿಸಿದ್ದರು.

ಎರಡನೆಯ ಗಂಟೆಯಾಯಿತು. ಹಮಾಲ ಟ್ರಂಕು ಎತ್ತಲು ಬಂದ. ನಾನು ಓಡಿ ಹೋಗಿ ಪುಸ್ತಕ ತೆಗೆದುಕೊಂಡೆ. ನಾಗಾಂವಕರರು ಮೊಣಕಾಲು ಹಿಡಿದುಕೊಂಡು ಡಬ್ಬಿ ಹತ್ತಿ, ಕಿಟಕಿಯಲ್ಲಿ ಪಟ್ಟಿಯನ್ನು ತೊಡೆಯ ಮೇಲಿಟ್ಟು ಏನೋ ಬರೆದರು. ಗಾಡಿ ಅಲುಗಿದಾಗ ಅದನ್ನು ಹೊರಗೆ ಚಾಚಿದರು.

"ಎಲ್ಲಾರಿಗೂ ಇಷ್ಟು ಹೊತ್ತು ಕಾಯಾಕ ಸಂಘಕ್ಕ ಆಗಂಗಿಲ್ಲ ಮಾಸ್ತರ," ಎಂದರು. "ಮತ್ತ ನೆಟ್ಟಗ ಓದಾಕ ಕಲಸ್ರಿ ಮೊದಲ."

ಗುಣಾಕಾರದ ಚಿಹ್ನೆ ಅಳಿಸಿರಲಿಲ್ಲ. ಅದರ ಮುಂದೆ ಮರಾಠಿಯಲ್ಲಿ, ಬರುವ ವರ್ಷ ಮತ್ತೆ ಪರೀಕ್ಷಿಸತಕ್ಕದ್ದು ಎಂದು ಬರೆದಿತ್ತು. ಗಾಡಿಯ ಜೊತೆಗೇ ನಡೆಯುತ್ತ ಅದರ ಕೆಳಗೆ ಸಹಿ ಮಾಡಿ ಮರಳಿಸಿದೆ.

ನಾವು ಚಾಳಿಗೆ ಬಂದಾಗ ಇಸಾಜಿ ಕಟ್ಟೆಯ ಮೇಲೆ ಕುಳಿತಿದ್ದರು. ಮರುದಿನಕ್ಕೆಂದು ತಮ್ಮ ಹಳೆಯ ನೀಲಿ ಅಂಗಿಯೊಂದನ್ನು ಹುಡುಗನ ಅಳತೆಗೆ ಮೊಟಕು ಮಾಡಿಸಿ ಪಕ್ಕದಲ್ಲಿ ಮಡಚಿಟ್ಟಿದ್ದರು. ರಾಹೇಲಬಾಯಿ ಬಾಗಿಲಲ್ಲಿ ನಿಂತೇ ಇದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಉಳದನೇನ್ರಿ?"

"ಒಂದು ವರ್ಷ," ಎಂದೆ.

"ಏನಂತ?" ಇಸಾಜಿ ಕಿವಿಗೆ ಕೈ ಹಚ್ಚಿದರು. ಅವಳು ಬಗ್ಗಿ ಕೂಗಿ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ಆಮ್ಯಾಲ?"

ನಾನು ಪುಸ್ತಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ. ಅವರು ಅಂಗಿಯ ಮೇಲೆ ಕೈಯಾಡಿಸಿದರು. "ಫೋರಮನ್ನಗ ನಾಳೆ ಏನ್ ಹೇಳ್ಲಿ? ಜ್ವರಾ ಬಂದಾವ ಅಂತೇನಿ."

"ವರ್ಷಾನಗಟ್ಲೆ ಜ್ವರಾ ಯಾರಿಗೆ ಬರ್ತಾವು?" ಎಂದಳು ರಾಹೇಲಬಾಯಿ. ನಗುತ್ತಲೇ ಕಣ್ಣೊರೆಸಿಕೊಂಡಳು.

ನನಗೆ ನಗು ಬರಲಿಲ್ಲ. ಎರಡು ವರ್ಷ ಒಂದು ಬದಿಯಿಂದ ಕಲಿತದ್ದನ್ನು ಒಂದು ವರ್ಷದಲ್ಲಿ ಇನ್ನೊಂದು ಬದಿಗೆ ಹೇಗೆ ತಿರುಗಿಸುವುದು? ಈ ಕಡೆ ಕೂರಿಸಿದರೆ ಅವನಿಗೆ ಮೊದಲ ಅಕ್ಷರದಿಂದ ಶುರು. ಅಕೂಬನ ಪಕ್ಕದಲ್ಲಿ, ಅಕೂಬನ ನಗುವಿನ ಪಕ್ಕದಲ್ಲಿ. ಆ ಕಡೆಯೇ ಬಿಟ್ಟರೆ ಬರುವ ವರ್ಷ ಮೇಜಿನ ಮುಂದೆ ಮತ್ತೆ ಅದೇ ಮೌನ. ಅವನು ಆ ಹತ್ತಿಯ ಪ್ರಶ್ನೆಗೆ ಬಂದದ್ದು ಆ ಬದಿಯಲ್ಲಿ ಒಬ್ಬನೇ ಇದ್ದುದರಿಂದಲೋ ಏನೋ, ಅದೂ ನನಗೆ ತಿಳಿಯದು.

ಹಸ್ಸಾಜಿ ಕಾಲು ತೊಳೆದುಕೊಂಡು ಬಂದು ನನ್ನ ಮುಂದೆ ನಿಂತ.

"ಮಾಸ್ತರ, ನಾಳೆ ನಾ ಎಲ್ಲಿ ಕುಂದರ್ಲಿ?"

"ತಡಿಯೋ," ಎಂದೆ. ಅವನು ಕಟ್ಟೆಯ ಅಂಚಿನಲ್ಲಿ ಕುಳಿತುಕೊಂಡು, ಅವಸರವಿಲ್ಲದೆ, ನಾನು ಹೇಳುವುದನ್ನು ಕಾಯತೊಡಗಿದ.